ಸಿಡಿಲಫಡಿಯ ನಡಿಗೆ
(ವಿದ್ಯಾರ್ಥಿಗಳನ್ನು ಬಾದಾಮಿಯ ಗುಡ್ಡಗಳಿಗೆ ಕರೆದೊಯ್ಯುವ ಮುನ್ನ ಶಿಕ್ಷಕರ ಕೂಟವೊಂದರಲ್ಲಿ ಮಾಡಿದ ಭಾಷಣ)



ಬರುವ ಮಾರ್ಗಶಿರದಲ್ಲಿ ನಮ್ಮ ವಿದ್ಯಾರ್ಥಿಗಳನ್ನು ಬಾದಾಮಿಯ ಗುಡ್ಡದ ಮೇಲಿನ ಸಿಡಿಲಫಡಿಗೆ ಕರೆದುಕೊಂಡು ಹೋಗಬೇಕೆ, ಬೇಡವೆ ಎಂಬ ಪ್ರಶ್ನೆಯು ಈ ಸಭೆಯ ಮುಂದಿದೆ. ಬೇಡವೆನ್ನುವವರು ಎರಡು ಕಾರಣಗಳನ್ನು ಕೊಡುತ್ತಾರೆ. ಮೊದಲನೆಯದು, ಗುಡ್ಡದಲ್ಲಿ ಮಕ್ಕಳಿಗೆ ಅಪಾಯವಾದೀತು ಎಂಬುದು. ಎರಡನೆಯದು, ಮಕ್ಕಳಿಂದ ಆ ಗವಿಗೆ ಅಪಾಯವಾದೀತು ಎಂಬುದು. ಈ ಎರಡು ಮಾತುಗಳೂ ಹುರುಳಿಲ್ಲದವಲ್ಲ. ಎರಡೂ ನನ್ನ ಕಣ್ಣ ಮುಂದೆಯೇ ನಡೆದಿವೆ. ಆದುದರಿಂದ, ತಪ್ಪು ಮಾಡಿ ಕಲಿತವನ ಸಲುಗೆಯಿಂದ, ನಾಲ್ಕು ಮಾತುಗಳನ್ನು ಅರಿಕೆ ಮಾಡಿಕೊಳ್ಳುತ್ತೇನೆ.

ಮೊದಲು ಆ ಸ್ಥಳದ ವಿಚಾರ. ನಮ್ಮ ಸೀಮೆಯ ಮಾತಿನಲ್ಲಿ ಫಡಿ ಎಂದರೆ ಬಂಡೆಯ ಆಸರೆ. ಐಹೊಳೆಯ ರಾವಣಫಡಿಯ ಹೆಸರಿನಲ್ಲಿಯೂ ಇದೇ ಶಬ್ದವಿದೆ. ಸಿಡಿಲು ಬಡಿದು ಬಂಡೆಯ ಮಾಡಿನಲ್ಲಿ ತೂತುಗಳು ಬಿದ್ದವೆಂದೂ, ಅದರಿಂದಲೇ ಈ ಹೆಸರು ಬಂದಿತೆಂದೂ ಜನರು ಹೇಳುವದುಂಟು. ಬಾದಾಮಿಯಿಂದ ಸುಮಾರು ೪ ಕಿಲೋಮೀಟರು, ಹಿರಿಯರ ಲೆಕ್ಕದಲ್ಲಿ ಒಂದು ಹರದಾರಿಗಿಂತ ತುಸು ಕಡಿಮೆ. ಮರಳುಗಲ್ಲಿನ ಗುಡ್ಡ, ಕುರುಚಲು ಕಾಡು, ನಡುವೆ ಕಾಲುದಾರಿ. ಕಂಬಗಳಿಲ್ಲ, ಮೆಟ್ಟಿಲುಗಳಿಲ್ಲ, ಕೆತ್ತಿದ ದ್ವಾರವಿಲ್ಲ. ಗಾಳಿಮಳೆಗಳು ಕೊರೆದ ಕಲ್ಲಿನ ಆಸರೆ, ಅದರ ಮೈಮೇಲೆ ಕೆಂಪು ಬಣ್ಣದಲ್ಲಿ ಬರೆದ ಮನುಷ್ಯರ, ಪ್ರಾಣಿಗಳ ಚಿತ್ರಗಳು. ಇಷ್ಟೇ ಅಲ್ಲಿಯ ಸಂಪತ್ತು.

ಇಷ್ಟನ್ನು ನೋಡಲು ಅಷ್ಟು ದೂರ ನಡೆಯಬೇಕೆ ಎಂದು ಕೇಳುವವರಿದ್ದಾರೆ. ಅವರಿಗೆ ನನ್ನ ಉತ್ತರವಿದು. ಬಾದಾಮಿಯ ಮೂರನೆಯ ಗುಹಾಲಯದಲ್ಲಿ ಮಂಗಳೇಶನ ಶಾಸನವಿದೆ. ಅದರ ಕಾಲ ಶಕ ೫೦೦, ಎಂದರೆ ಕ್ರಿ.ಶ. ೫೭೮. ಉತ್ತರದ ಕೋಟೆಯ ಬಂಡೆಯ ಮೇಲೆ ಒಂದನೆಯ ಪುಲಕೇಶಿಯ ಶಾಸನವಿದೆ. ಅದು ಶಕ ೪೬೫ರದು, ಎಂದರೆ ಕ್ರಿ.ಶ. ೫೪೩ರದು, ವಾತಾಪಿಯ ಗುಡ್ಡವನ್ನು ದುರ್ಗವಾಗಿ ಮಾಡಿದುದನ್ನು ಅದು ಹೇಳುತ್ತದೆ. ನಮ್ಮ ಪಾಠಪುಸ್ತಕಗಳಲ್ಲಿ ಬಾದಾಮಿಯ ಕಥೆಯು ಇಲ್ಲಿಂದಲೇ ಆರಂಭವಾಗುತ್ತದೆ. ಹಾಗಾದರೆ ಪುಲಕೇಶಿಯು ಬಂದಾಗ ಈ ಗುಡ್ಡಗಳು ನಿರ್ಜನವಾಗಿದ್ದವೆ? ಅಲ್ಲವೆಂದು ಸಿಡಿಲಫಡಿಯು ಸಾಕ್ಷಿ ನುಡಿಯುತ್ತದೆ. ಆ ಚಿತ್ರಗಳಿಗೆ ಶಕವಿಲ್ಲ, ಸಂವತ್ಸರವಿಲ್ಲ, ದಾನ ಕೊಟ್ಟವರ ಹೆಸರಿಲ್ಲ. ಅಕ್ಷರವೇ ಇಲ್ಲದ ಕಾಲದ ಬೇಟೆಗಾರರ ಕೈಬರಹವದು. ಮಲಪ್ರಭೆಯ ದಂಡೆಯಲ್ಲಿ ಅದಕ್ಕೂ ಎಷ್ಟೋ ಹಿಂದಿನ ಶಿಲಾಯುಧಗಳು ದೊರೆತಿವೆ. ಬಾದಾಮಿಯ ಬಳಿಯ ಖ್ಯಾಡ ಎಂಬ ಹಳ್ಳಿಯ ಹೆಸರು ಈ ಕಾರಣದಿಂದಲೇ ವಿದ್ವಾಂಸರ ಗ್ರಂಥಗಳಲ್ಲಿ ಬಂದಿದೆ. ಅರಸರ ಇತಿಹಾಸವನ್ನು ಓದುವ ಹುಡುಗನು, ಅರಸರಿಲ್ಲದ ಕಾಲದ ಮನುಷ್ಯನೂ ಬಣ್ಣ ಅರೆದು ಚಿತ್ರ ಬರೆದನೆಂಬುದನ್ನು ಕಣ್ಣಾರೆ ಕಂಡರೆ, ಅವನ ಇತಿಹಾಸದ ಅಳತೆಯೇ ಬದಲಾಗುತ್ತದೆ.

ಇನ್ನು ನನ್ನ ತಪ್ಪಿನ ಕಥೆ. ಹಲವು ವರ್ಷಗಳ ಹಿಂದೆ, ಯೌವನದ ಉತ್ಸಾಹದಲ್ಲಿ, ಮೂವತ್ತು ಜನ ಹುಡುಗರನ್ನು ಕಟ್ಟಿಕೊಂಡು ನಾನೊಬ್ಬನೇ ಆ ಗುಡ್ಡವನ್ನು ಏರಿದೆನು. ಫಾಲ್ಗುಣ ಮಾಸ, ಪರೀಕ್ಷೆಗಳು ಹತ್ತಿರವಾದುದರಿಂದ ಬೇರೆ ದಿನ ಸಿಗಲಿಲ್ಲವೆಂಬ ನೆವ. ಊರು ಬಿಡುವಾಗಲೇ ಒಂಬತ್ತು ಗಂಟೆ ದಾಟಿತ್ತು. ಮರಳುಗಲ್ಲು ಕಾದು ಹಂಚಾಯಿತು. ತಂದ ನೀರು ಅರ್ಧ ದಾರಿಯಲ್ಲಿಯೇ ತೀರಿತು. ಮರಳುವಾಗ ಒಬ್ಬ ಹುಡುಗನು ತಲೆ ತಿರುಗಿ ಬಿದ್ದನು. ಆಡು ಮೇಯಿಸುತ್ತಿದ್ದ ಒಬ್ಬ ಮುದುಕನು ತನ್ನ ನೀರನ್ನು ಕೊಟ್ಟು, ಅವನನ್ನು ನೆರಳಿಗೆ ಒಯ್ದು ಗಾಳಿ ಹಾಕಿದನು. ಹುಡುಗನು ಎದ್ದು ಕುಳಿತಾಗ ಆ ಮುದುಕನು ನನ್ನನ್ನು ನೋಡಿ, "ಮಾಸ್ತರರ, ಕುರಿ ಕಾಯವ್ರು ಸುದ್ದಾ ಈ ಹೊತ್ತಿನ್ಯಾಗ ಗುಡ್ಡಾ ಹತ್ತೂದಿಲ್ರಿ" ಎಂದನು. ನನ್ನ ಪದವಿಗಳೆಲ್ಲ ಆ ಒಂದು ಮಾತಿನ ಮುಂದೆ ತಲೆ ತಗ್ಗಿಸಿದವು.

ಅದಕ್ಕಿಂತ ಹೆಚ್ಚಿನ ನಾಚಿಕೆಯು ಇನ್ನೊಂದು. ಫಡಿಯಲ್ಲಿ ನಾನು ಬೆವರು ಒರಸಿಕೊಳ್ಳುತ್ತ ಕುಳಿತಿದ್ದಾಗ, ಹಿಂದೆ ಯಾರೋ ಒಲೆ ಹೂಡಿ ಬಿಟ್ಟುಹೋದ ಇದ್ದಲನ್ನು ಎತ್ತಿಕೊಂಡು ನಮ್ಮ ಹುಡುಗನೊಬ್ಬನು ಕೆಂಪು ಚಿತ್ರದ ಮಗ್ಗುಲಲ್ಲಿ ತನ್ನ ಹೆಸರನ್ನು ಬರೆದನು. ನಾನು ಗದರಿಸಿ, ಒದ್ದೆ ಬಟ್ಟೆಯಿಂದ ಅದನ್ನು ಒರಸಹೋದೆನು. ಇದ್ದಲು ಹರಡಿ ಕಲ್ಲಿನ ಕಣಕಣಗಳಲ್ಲಿ ಇಳಿಯಿತು. ಬರೆದವನಿಗಿಂತ ಒರಸಿದವನಿಂದಲೇ ಹೆಚ್ಚು ಕೆಟ್ಟಿತು. ಆ ಹುಡುಗನ ತಪ್ಪನ್ನು ನಾನು ಎಂದೋ ಕ್ಷಮಿಸಿದ್ದೇನೆ. ಅಲ್ಲಿಗೆ ಹೋಗುವ ಮುನ್ನ, ತಾನು ಏನನ್ನು ನೋಡಹೊರಟಿದ್ದೇನೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವನು ನಾನು.

ಇಂಥ ಅನುಭವವಾದ ಮೇಲೂ ಹೋಗೋಣವೆಂದೇ ನಾನು ಹೇಳುತ್ತೇನೆ. ಆದರೆ ಸಿದ್ಧತೆಯಿಂದ ಹೋಗಬೇಕು. ಆ ಸಿದ್ಧತೆಯ ಕ್ರಮವನ್ನು ಹೀಗೆ ಯೋಚಿಸಿದ್ದೇನೆ.

ಕಾಲ: ಮಾರ್ಗಶಿರದಿಂದ ಮಾಘದ ನಡುವೆ, ಎಂದರೆ ದಶಂಬರದಿಂದ ಫೆಬ್ರುವರಿಯ ಮೊದಲ ಭಾಗದೊಳಗೆ ಹೋಗಬೇಕು. ಬೆಳಿಗ್ಗೆ ಆರೂವರೆಗೆ ಊರು ಬಿಟ್ಟರೆ ಎಂಟೂವರೆಯೊಳಗೆ ಫಡಿಯನ್ನು ಮುಟ್ಟಬಹುದು. ಅಲ್ಲಿ ಒಂದು ಗಂಟೆ. ಹನ್ನೊಂದೂವರೆಗೆ ಎಲ್ಲರೂ ಕೆಳಗಿರಬೇಕು. ಚೈತ್ರ ವೈಶಾಖಗಳಲ್ಲಿ ಬಿಸಿಲಿನ ಜತೆಗೆ ಮಧ್ಯಾಹ್ನದ ಗುಡುಗುಮಳೆಯ ಭಯವೂ ಉಂಟು. ಬೋಳು ಬಂಡೆಯ ನೆತ್ತಿಯಾಗಲಿ, ಒಂಟಿ ಮರದ ಅಡಿಯಾಗಲಿ, ತೆರೆದ ಬಾಯಿಯ ಆಸರೆಯಾಗಲಿ ಸಿಡಿಲಿನಿಂದ ಕಾಯಲಾರವು. ಸಿಡಿಲಫಡಿ ಎಂಬ ಹೆಸರನ್ನೇ ಒಂದು ಎಚ್ಚರಿಕೆಯೆಂದು ತಿಳಿಯೋಣ.

ಜನ: ಹತ್ತು ಮಕ್ಕಳಿಗೆ ಒಬ್ಬ ಶಿಕ್ಷಕರು. ಮುಂದೊಬ್ಬರು, ಹಿಂದೊಬ್ಬರು, ಹಿಂದಿನವರನ್ನು ದಾಟಿ ಯಾವ ಮಗುವೂ ಹಿಂದುಳಿಯಕೂಡದು. ಹೊರಡುವಾಗ, ಮುಟ್ಟಿದಾಗ, ಮರಳುವಾಗ, ಇಳಿದ ಮೇಲೆ ತಲೆ ಎಣಿಸಬೇಕು. ಕಾಲುದಾರಿಗಳು ಕವಲೊಡೆಯುವದರಿಂದ ದಾರಿ ಬಲ್ಲ ಸ್ಥಳೀಯರೊಬ್ಬರನ್ನು ತಕ್ಕ ಸಂಭಾವನೆ ಕೊಟ್ಟು ಕರೆದುಕೊಳ್ಳತಕ್ಕದ್ದು. ಅರಣ್ಯ ಇಲಾಖೆಯವರಿಗೂ ಪುರಾತತ್ತ್ವ ಇಲಾಖೆಯವರಿಗೂ ಮೊದಲೇ ಪತ್ರ ಬರೆದು ತಿಳಿಸಬೇಕು. ಮಕ್ಕಳ ತಂದೆತಾಯಿಗಳ ಒಪ್ಪಿಗೆಯಂತೂ ಬೇಕೇ ಬೇಕು. ಕೈದೂರವಾಣಿಯ ಸಂಪರ್ಕವು ಗುಡ್ಡದ ಎಲ್ಲೆಡೆಯೂ ದೊರೆತೀತೆಂದು ನಂಬಿ ಕೂಡಬಾರದು.

ಸಾಮಾನು: ಒಬ್ಬೊಬ್ಬರಿಗೆ ಎರಡು ಲೀಟರು ನೀರು, ತಲೆಗೆ ಟೊಪ್ಪಿಗೆಯಾಗಲಿ ವಸ್ತ್ರವಾಗಲಿ, ಕಾಲಿಗೆ ಜಾರದ ಮೆಟ್ಟು. ಬುತ್ತಿಯು ರೊಟ್ಟಿ, ಪಲ್ಯ, ಶೇಂಗಾ ಚಟ್ನಿಯಂಥದಿದ್ದರೆ ಸಾಕು; ಅದನ್ನು ಚೀಲದೊಳಗೆ ಇಡಬೇಕು. ಕೈಯಲ್ಲಿ ಹಿಡಿದರೆ ಬಾದಾಮಿಯ ಮಂಗಗಳು ಉಳಿಸಲಾರವು. ಬಂಡೆಗಳ ಸಂದಿನಲ್ಲಿ ಹೆಜ್ಜೇನು ಕಟ್ಟಿರುವದುಂಟು. ಆದುದರಿಂದ ಕೂಗಾಟ, ಕಲ್ಲು ಬೀರುವದು, ಹೊಗೆ ಮಾಡುವದು ಇವು ಸರ್ವಥಾ ಕೂಡದು.

ಕೊನೆಯದಾಗಿ ಮನಸ್ಸಿನ ಸಿದ್ಧತೆ. ಹೋಗುವ ಮುಂಚಿನ ವಾರದಲ್ಲಿ ಶಾಲೆಯಲ್ಲಿಯೇ ಒಂದು ಪಾಠ ನಡೆಯಲಿ. ಜಾಜನ್ನು ತಂದು ಕಲ್ಲಿನ ಮೇಲೆ ಅರೆದು, ನೀರು ಬೆರೆಸಿ, ಹಂಚಿನ ತುಂಡಿನ ಮೇಲೆ ಮಕ್ಕಳು ತಾವೇ ಚಿತ್ರ ಬರೆಯಲಿ. ಆ ಕೆಂಪು ಕಬ್ಬಿಣದ ಅಂಶದಿಂದ ಬಂದದ್ದು. ಬಾದಾಮಿಯ ಕಲ್ಲಿಗೆ ಬಣ್ಣ ಕೊಟ್ಟದ್ದೂ ಅದೇ ಅಂಶ. ಬಿಸಿಲಿಗೆ ಅದು ಸುಲಭವಾಗಿ ಮಾಸುವದಿಲ್ಲ. ಆದರೆ ಕೈಯ ಜಿಡ್ಡು, ಒಲೆಯ ಹೊಗೆ, ಮೇಲೆ ಎರಚಿದ ನೀರು ಇವುಗಳಿಂದ ಕೆಡುತ್ತದೆ. ಛಾಯಾಚಿತ್ರದಲ್ಲಿ ಬಣ್ಣ ಎದ್ದು ಕಾಣಲೆಂದು ಚಿತ್ರಗಳಿಗೆ ನೀರು ಹಚ್ಚುವವರುಂಟು. ಸೀಮೆಸುಣ್ಣದಿಂದ ಗೆರೆ ತಿದ್ದುವವರುಂಟು. ಅವರ ಪ್ರೀತಿಯೇ ಚಿತ್ರಕ್ಕೆ ಮೃತ್ಯು. ಒಮ್ಮೆ ಅಳಿದುದನ್ನು ಮರಳಿ ಬರೆಯಬಲ್ಲ ಕೈ ಇಂದು ಯಾವುದೂ ಇಲ್ಲ. ಸಂರಕ್ಷಿತ ಸ್ಮಾರಕಗಳನ್ನು ಕೆಡಿಸಿದವರಿಗೆ ೧೯೫೮ರ ಕಾಯಿದೆಯಲ್ಲಿ ಶಿಕ್ಷೆಯುಂಟು, ನಿಜ. ಆದರೆ ಪ್ರತಿಯೊಂದು ಬಂಡೆಯ ಬಳಿಯಲ್ಲಿಯೂ ಕಾವಲುಗಾರನನ್ನು ನಿಲ್ಲಿಸಲು ಯಾವ ಸರಕಾರಕ್ಕೂ ಸಾಧ್ಯವಿಲ್ಲ.

ಹಾಗೆಂದು, ಯಾರೂ ನೋಡದಿದ್ದರೆ ತಾನೇ ಉಳಿಯುತ್ತದೆಂದು ಸುಮ್ಮನಿರೋಣವೆ? ಆ ಇದ್ದಲನ್ನು ಬಿಟ್ಟುಹೋದವರು ಯಾವ ಶಾಲೆಯ ನಡಿಗೆಯಲ್ಲಿಯೂ ಬಂದವರಲ್ಲ. ನಾವು ಹೋಗದಿದ್ದರೂ ಒಲೆ ಹೂಡುವವರು ಹೋಗಿಯೇ ಹೋಗುತ್ತಾರೆ. ಅವರನ್ನು ತಡೆದು "ಇದು ನಮ್ಮದು, ಕೆಡಿಸಬೇಡಿರಿ" ಎಂದು ಹೇಳುವವರು, ಅದನ್ನು ಮೊದಲೇ ನೋಡಿ ಬಲ್ಲವರಾಗಿರಬೇಕು.

ಕನ್ನಡ ನಾಡು ಹರಿದು ಹಂಚಿಹೋಗಿದ್ದ ದಿನಗಳನ್ನು ನೆನೆಯಿರಿ. ಬಾದಾಮಿಯು ಮುಂಬಯಿ ಪ್ರಾಂತದಲ್ಲಿತ್ತು. ಬಂಡೆಯ ಮೇಲೆ ಇಂಥವೇ ಚಿತ್ರಗಳಿರುವ ಹಿರೇಬೆಣಕಲ್ಲು ನಿಜಾಮನ ಸೀಮೆಯಲ್ಲಿತ್ತು. ಕಲ್ಲಿನಲ್ಲಿ ಕುಟ್ಟಿ ತೆಗೆದ ಚಿತ್ರಗಳಿರುವ ಬಳ್ಳಾರಿಯ ಬಳಿಯ ಕಪ್ಪಗಲ್ಲು ಮದರಾಸಿಗೆ ಸೇರಿತ್ತು. ೧೯೫೩ರಲ್ಲಿ ಬಳ್ಳಾರಿಯು ಮೈಸೂರಿಗೆ ಬಂದಿತು. ೧೯೫೬ರ ನವೆಂಬರ ೧ರಂದು ಉಳಿದವೂ ಒಂದಾದವು. ಮೂರು ಸರಕಾರಗಳ ಮೂರು ಮೂಲೆಗಳಲ್ಲಿದ್ದ ಮಾತಿಲ್ಲದ ಆ ಬಂಡೆಗಳು ಒಂದೇ ನಾಡಿನವಾದವು. ನಕಾಶೆಯ ಮೇಲಿನ ಗೆರೆಯನ್ನು ನಮ್ಮ ಹಿರಿಯರು ಅಳಿಸಿದರು. ಆ ನೆಲವನ್ನು ಕಾಲಿನಿಂದ ಅಳೆದು ಅರಿಯುವ ಕೆಲಸವನ್ನು ಪ್ರತಿಯೊಂದು ತಲೆಮಾರೂ ಹೊಸದಾಗಿ ಮಾಡಬೇಕಾಗಿದೆ.

ನನ್ನದೊಂದು ಕೊನೆಯ ಸೂಚನೆ. ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ಪುಸ್ತಕವನ್ನೂ ಸೀಸದ ಕಡ್ಡಿಯನ್ನೂ ತರಲಿ. ಫಡಿಯ ಮುಂದೆ, ಗೋಡೆಯಿಂದ ಎರಡು ಮಾರು ದೂರ ಕುಳಿತು, ತನಗೆ ಮೆಚ್ಚಿದ ಒಂದು ಚಿತ್ರವನ್ನು ತನ್ನ ಪುಸ್ತಕದಲ್ಲಿ ಬರೆದುಕೊಳ್ಳಲಿ; ಅದರ ಕೆಳಗೆ ತನ್ನ ಹೆಸರನ್ನೂ ಆ ದಿನದ ತಾರೀಖನ್ನೂ ಬರೆಯಲಿ. ಹೆಸರು ಬರೆಯುವ ಆಸೆ ಮನುಷ್ಯನಿಗೆ ಸಹಜವಾದುದು; ಅದಕ್ಕೆ ತಕ್ಕ ಜಾಗವನ್ನು ತೋರಿಸುವದು ಶಿಕ್ಷಕರ ಕೆಲಸ. ಅಂದು ನಾನು ಆ ಹುಡುಗನ ಕೈಯಲ್ಲಿ ಒಂದು ಹಾಳೆ ಕೊಟ್ಟಿದ್ದರೆ ಅವನು ಇದ್ದಲನ್ನು ಎತ್ತಿಕೊಳ್ಳುತ್ತಿರಲಿಲ್ಲ.

ಸಭೆಯವರು ಒಪ್ಪಿದರೆ ಮಾರ್ಗಶಿರದ ಮೊದಲ ರವಿವಾರವನ್ನು ಗೊತ್ತು ಮಾಡೋಣ. ಅದಕ್ಕೆ ಮುಂಚೆ ಒಂದು ದಿನ ಶಿಕ್ಷಕರಾದ ನಾವಷ್ಟೇ ಹೋಗಿ ದಾರಿಯನ್ನು ನೋಡಿ ಬರೋಣ. ನೀರಿನ ಲೆಕ್ಕವನ್ನು ಈ ಸಲ ನಾನೇ ವಹಿಸಿಕೊಳ್ಳುತ್ತೇನೆ.