ಪುರದ ಸಗಣಿ, ನಮ್ಮ ಶಾಲೆಯ ಸೋಲಾರ್
(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಮ್ಮ ಹಳೆಯ ವಿದ್ಯಾರ್ಥಿಗಳ ಸಂಘ ಶಾಲೆಯ ಮೇಲೆ ಸೋಲಾರ್ ಹಾಕಿಸಬೇಕೆಂದಿದೆ. ಆ ಬಗ್ಗೆ ನಾಲ್ಕು ಮಾತಾಡಿ ಎಂದು ನನಗೆ ಹೇಳಿದ್ದಾರೆ. ಮೊದಲು ನನ್ನ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ.

ಹನ್ನೆರಡು ವರ್ಷದ ಹಿಂದೆ ನಾವು ಕೆಲವರು ಹಣ ಕೂಡಿಸಿ ನಮ್ಮ ಕೇರಿಗೆ ಆರು ಸೋಲಾರ್ ಬೀದಿದೀಪ ಹಾಕಿಸಿದೆವು. ಹಾರ ಹಾಕಿಸಿಕೊಂಡೆವು, ಫೋಟೊ ತೆಗೆಸಿಕೊಂಡೆವು. ನಾಲ್ಕನೇ ವರ್ಷಕ್ಕೆ ಬ್ಯಾಟರಿಗಳು ಸತ್ತವು. ಇವತ್ತು ಆ ಕಂಬಗಳಿಗೆ ಬಟ್ಟೆ ಒಣಹಾಕುವ ಹಗ್ಗ ಕಟ್ಟಿದ್ದಾರೆ. ಊರಿನವರನ್ನು ದೂರುವ ಹಾಗಿಲ್ಲ. ದೀಪ ಎಲ್ಲಿ ಬೇಕೆಂದು ನಾವು ಯಾರನ್ನೂ ಕೇಳಿರಲಿಲ್ಲ. ಬ್ಯಾಟರಿ ಹೋದರೆ ದುಡ್ಡು ಯಾರು ಕೊಡಬೇಕೆಂದೂ ಮಾತಾಡಿರಲಿಲ್ಲ.

ಹೀಗೆ ಎಡವಿದವರು ನಾವು ಮಾತ್ರ ಅಲ್ಲ. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನಲ್ಲಿ ಪುರ ಎಂಬ ಸಣ್ಣ ಹಳ್ಳಿಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರು 1974ರಲ್ಲಿ 'ಅಸ್ತ್ರ' ಎಂಬ ಕೇಂದ್ರ ಆರಂಭಿಸಿದರು. ಅಸ್ತ್ರ ಒಲೆ ಎಂದರೆ ಇಲ್ಲಿರುವ ತಾಯಂದಿರಿಗೆ ನೆನಪಾದೀತು. ಅವರು ಪುರದಲ್ಲಿ ಇಡೀ ಊರಿಗೆ ಒಂದು ಗೋಬರ್ ಗ್ಯಾಸ್ ಸ್ಥಾವರ ಕಟ್ಟಿದರು. ಮನೆಮನೆಗೆ ಅಡುಗೆ ಅನಿಲ ಕೊಡುವ ಯೋಚನೆ ಅದು. ಕೈಗೂಡಲಿಲ್ಲ. ಎಲ್ಲರ ಒಲೆಗೂ ಸಾಲುವಷ್ಟು ಸಗಣಿ ಊರಿನಲ್ಲಿರಲಿಲ್ಲ. ಸೌದೆ ಹೇಗೋ ಸಿಗುತ್ತಿತ್ತು. ಜನರಿಗೆ ಮೊದಲು ಬೇಕಾಗಿದ್ದದ್ದು ಕುಡಿಯುವ ನೀರು.

ವಿಜ್ಞಾನಿಗಳು ಹಟ ಹಿಡಿಯಲಿಲ್ಲ, ದಾರಿ ಬದಲಿಸಿದರು. 1987ರಿಂದ ಅದೇ ಅನಿಲವನ್ನು ಡೀಸೆಲ್ ಎಂಜಿನ್ನಿಗೆ ಕೊಟ್ಟು ವಿದ್ಯುತ್ ತೆಗೆದರು. ಕೊಳವೆಬಾವಿಯ ನೀರು ನಲ್ಲಿಗೆ ಬಂತು, ಸಂಜೆ ಮನೆಗಳಲ್ಲಿ ಟ್ಯೂಬ್‌ಲೈಟ್ ಉರಿಯಿತು. ಮನೆಯವರು ಸಗಣಿ ತಂದು ತೂಗಿಸಿದರೆ ಕಿಲೋಗೆ 2 ಪೈಸೆ. ಅನಿಲ ತೆಗೆದ ಮೇಲೆ ಉಳಿದ ಬಗ್ಗಡ ಗೊಬ್ಬರವಾಗಿ ಅವರ ಹೊಲಕ್ಕೇ ವಾಪಸ್ಸು. ಸ್ಥಾವರ ನಡೆಸಿದವರು ಊರಿನ ಹುಡುಗರು. ಲೆಕ್ಕ ನೋಡಿದ್ದು ಊರಿನದೇ ಸಮಿತಿ. ದೀಪಕ್ಕೂ ನಲ್ಲಿಗೂ ಮನೆಯವರು ತಿಂಗಳ ಹಣ ಕಟ್ಟುತ್ತಿದ್ದರು.

ಎಲ್ಲರ ಸ್ವತ್ತು ಯಾರ ಸ್ವತ್ತೂ ಅಲ್ಲ ಎನ್ನುತ್ತೇವಲ್ಲ, ಪುರದಲ್ಲಿ ಆ ಮಾತು ನಡೆಯಲಿಲ್ಲ. ಸಗಣಿ ತರುವವರು ಕೈಬಿಟ್ಟರೆ ಪಕ್ಕದ ಮನೆಯ ದೀಪ ಆರಿದ ಹಾಗೆ ಅವರ ಮನೆಯದೂ ಆರುತ್ತಿತ್ತು, ಅವರ ನಲ್ಲಿಯೂ ಒಣಗುತ್ತಿತ್ತು. ಊರಿನ ಒಳಿತಿನಲ್ಲೇ ತಮ್ಮ ಒಳಿತೂ ಇದೆಯೆಂದು ಜನಕ್ಕೆ ಕಣ್ಣಿಗೆ ಕಾಣುತ್ತಿತ್ತು. ಆ ಸ್ಥಾವರ ವರ್ಷಗಟ್ಟಲೆ ನಡೆದು ಮುಂದೆ ನಿಂತುಹೋಯಿತು ನಿಜ. ಆದರೆ ನಮ್ಮ ಬೀದಿದೀಪಗಳಿಗಿಂತ ಹೆಚ್ಚು ಬಾಳಿತು.

ಈಗ ನಮ್ಮ ಶಾಲೆಗೆ ಬರೋಣ. 3 ಕಿಲೋವಾಟ್ ಫಲಕ ಹಾಕಿದರೆ ಬಿಸಿಲಿನ ದಿನ ಹತ್ತು ಹನ್ನೆರಡು ಯೂನಿಟ್ ಬರುತ್ತದೆ. ಫಲಕ ಇಪ್ಪತ್ತೈದು ವರ್ಷ ಬಾಳುತ್ತದೆ, ಸಾಮಾನ್ಯ ಬ್ಯಾಟರಿ ಐದು ವರ್ಷ. ಆದ್ದರಿಂದ ಹಣ ಕೊಡುವವರಲ್ಲಿ ನನ್ನ ವಿನಂತಿ ಇಷ್ಟು. ಮೊದಲು ಗುರುಗಳನ್ನೂ ಮಕ್ಕಳನ್ನೂ ಕೇಳೋಣ: ಕರೆಂಟು ಯಾವುದಕ್ಕೆ ಬೇಕು? ಕಂಪ್ಯೂಟರಿಗೋ, ಬೋರ್‌ವೆಲ್ಲಿಗೋ, ಹತ್ತನೇ ತರಗತಿಯವರ ರಾತ್ರಿ ಓದಿಗೋ? ಎರಡನೆಯದು, ಬ್ಯಾಟರಿಯ ಹೆಸರಿನಲ್ಲಿ ಒಂದು ಖಾತೆ ತೆರೆದು ಮೊದಲ ತಿಂಗಳಿಂದಲೇ ಹಣ ಹಾಕೋಣ. ಮೂರನೆಯದು, ಫಲಕದ ಧೂಳು ತೊಳೆಸುವವರು, ಲೆಕ್ಕ ಬರೆಯುವವರು ಯಾರೆಂದು ಹೆಸರು ಬರೆದು ನೋಟಿಸ್ ಬೋರ್ಡಿಗೆ ಹಾಕೋಣ. ಆ ಸಮಿತಿಯಲ್ಲಿ ಊರಿನ ತಾಯಂದಿರಿಬ್ಬರಾದರೂ ಇರಲಿ.

ಬ್ಯಾಟರಿ ಖಾತೆಗೆ ನನ್ನ ಮೊದಲ ಕಂತನ್ನು ಇವತ್ತೇ ಮುಖ್ಯೋಪಾಧ್ಯಾಯರ ಕೈಗೆ ಕೊಡುತ್ತೇನೆ. ದಯವಿಟ್ಟು ಫೋಟೊ ಮಾತ್ರ ಬೇಡ. ಐದು ವರ್ಷದ ಮೇಲೆ ಹೊಸ ಬ್ಯಾಟರಿ ಕೂರಿಸಿದ ದಿನ ಕರೆಯಿರಿ, ಬಂದು ನಿಮ್ಮೆಲ್ಲರ ಜೊತೆ ನಿಲ್ಲುತ್ತೇನೆ.