ಸಂಪಿನ ಮೋಟರನ್ನು ಬದಲಿಸುವುದು ಯಾವಾಗ?



ಬೆಂಗಳೂರಿನ ನಲ್ಲಿಗೆ ಬರುವ ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ ಸಾಗಿ, ಮೂರು ಹಂತಗಳಲ್ಲಿ ಸುಮಾರು 500 ಮೀಟರ್ ಎತ್ತರ ಏರಿ ಬರುತ್ತದೆ. ಅಷ್ಟೂ ಸರ್ಕಾರದ ದೊಡ್ಡ ಪಂಪುಗಳ ಕೆಲಸ. ಆದರೆ ಬೀದಿಯ ಪೈಪಿನಲ್ಲಿ ಒತ್ತಡ ಸಾಲದು, ನೀರು ಬಿಡುವುದೂ ಎಷ್ಟೋ ಕಡೆ ದಿನ ಬಿಟ್ಟು ದಿನ. ಹಾಗಾಗಿ ಗೇಟಿನೊಳಗಿನ ಸಂಪಿಗೆ ಬಿದ್ದ ನೀರು ತಾರಸಿಯ ಟ್ಯಾಂಕಿಗೆ ಏರುವ ಕೊನೆಯ ಮೂವತ್ತು ನಲವತ್ತು ಅಡಿ ಮಾತ್ರ ನಮ್ಮ ಪಾಲಿಗೆ ಉಳಿದಿದೆ. ಆ ಕೆಲಸಕ್ಕೆ ಮೆಟ್ಟಿಲ ಕೆಳಗೋ ಕಾಂಪೌಂಡಿನ ಮೂಲೆಯಲ್ಲೋ ಒಂದು ಮೋಟರು ಕೂತಿರುತ್ತದೆ, ಅರ್ಧ ಎಚ್‌ಪಿಯದು ಇಲ್ಲವೇ ಒಂದು ಎಚ್‌ಪಿಯದು. ಅದು ಕೆಡುವ ತನಕ ಅದರ ನೆನಪು ಯಾರಿಗೂ ಆಗುವುದಿಲ್ಲ. ಕೆಡುವುದೂ ಸಾಮಾನ್ಯವಾಗಿ ಮನೆ ತುಂಬ ನೆಂಟರಿರುವ ದಿನವೇ.

ಮೋಟರು ಎಷ್ಟು ವರ್ಷ ಬಾಳುತ್ತದೆ ಎಂದು ಕೇಳುವುದರಲ್ಲಿ ಹೆಚ್ಚು ಅರ್ಥವಿಲ್ಲ. ದಿನಕ್ಕೆ ಇಪ್ಪತ್ತು ನಿಮಿಷ ಓಡುವ ಮೋಟರೂ ನಾಲ್ಕು ಬಾಡಿಗೆ ಮನೆಗಳಿಗೆ ನೀರೇರಿಸುವ ಮೋಟರೂ ಒಂದೇ ದಿನ ಅಂಗಡಿಯಿಂದ ಬಂದಿದ್ದರೂ ಒಂದೇ ವಯಸ್ಸಿನವಲ್ಲ. ನೀರಿನದೂ ಪಾತ್ರವಿದೆ. ಮನೆಗಳಲ್ಲಿ ಬಳಸುವ ಸಣ್ಣ ಮೋಟರುಗಳಲ್ಲಿ ನೀರನ್ನು ತಳ್ಳುವ ಚಕ್ರವಾದ ಇಂಪೆಲ್ಲರಿಗೂ ಅದರ ಸುತ್ತಲಿನ ಕವಚಕ್ಕೂ ನಡುವೆ ಕೂದಲೆಳೆಯಷ್ಟೇ ಸಂದು ಇರುತ್ತದೆ. ಬೋರ್‌ವೆಲ್ಲಿನ, ಟ್ಯಾಂಕರಿನ ನೀರಿನ ಜೊತೆ ಬರುವ ಮರಳು ಆ ಸಂದನ್ನು ಉಜ್ಜಿ ಉಜ್ಜಿ ಹಿಗ್ಗಿಸುತ್ತದೆ. ಸಂದು ಹಿಗ್ಗಿತೆಂದರೆ ಮೇಲೇರಬೇಕಾದ ನೀರು ಒಳಗೇ ಸುತ್ತತೊಡಗುತ್ತದೆ. ಸದ್ದು ಮೊದಲಿನಂತೆಯೇ ಇರುತ್ತದೆ, ಟ್ಯಾಂಕು ಮಾತ್ರ ತುಂಬುವುದಿಲ್ಲ.

ಆದ್ದರಿಂದ ಕಿವಿಗಿಂತ ಗಡಿಯಾರವನ್ನು ನಂಬಿ ಎನ್ನುತ್ತೇನೆ. ಆರಡಿ ಉದ್ದ, ಐದಡಿ ಅಗಲದ ಸಂಪಿನಲ್ಲಿ ಒಂದಡಿ ನೀರು ಇಳಿದರೆ ಸುಮಾರು 850 ಲೀಟರ್ ಮೇಲಕ್ಕೆ ಹೋಯಿತು ಎಂದರ್ಥ. ನಲ್ಲಿಯ ನೀರು ಸಂಪಿಗೆ ಬೀಳದ ಹೊತ್ತಿನಲ್ಲಿ ಒಂದು ಕೋಲು ಇಳಿಬಿಟ್ಟು ಗುರುತು ಮಾಡಿಕೊಳ್ಳಿ. ಒಂದಡಿ ಇಳಿಯಲು ಎಷ್ಟು ನಿಮಿಷ ಹಿಡಿಯಿತೆಂದು ಗೋಡೆಯ ಮೇಲೆ ತಾರೀಖಿನ ಜೊತೆ ಬರೆದಿಡಿ. ಆರು ತಿಂಗಳಿಗೊಮ್ಮೆ ನೋಡಿದರೆ ಸಾಕು. ಆ ಹೊತ್ತು ಒಂದೂವರೆ ಪಟ್ಟಾಗಿದೆ ಎಂದರೆ ಹುಡುಕಾಟ ಶುರು ಮಾಡಬಹುದು.

ಹುಡುಕಾಟ ಎಂದೆ, ಖರೀದಿ ಎನ್ನಲಿಲ್ಲ. ತಪ್ಪು ಎಷ್ಟೋ ಸಲ ಮೋಟರಿನದಾಗಿರುವುದಿಲ್ಲ. ಸಂಪಿನೊಳಗಿನ ಪೈಪಿನ ತುದಿಯಲ್ಲಿರುವ ಫುಟ್‌ವಾಲ್ವಿಗೆ ಕಸ ಸಿಕ್ಕಿದರೆ, ಮೋಟರು ನಿಂತ ಮೇಲೆ ಪೈಪಿನ ನೀರೆಲ್ಲ ಸಂಪಿಗೆ ವಾಪಸು ಇಳಿದುಬಿಡುತ್ತದೆ. ಆಮೇಲೆ ಪ್ರತಿ ಸಲ ಚೊಂಬಿನಲ್ಲಿ ನೀರು ಹೊಯ್ದೇ ಶುರು ಮಾಡಬೇಕು. ಇನ್ನೊಂದು ಕಳ್ಳ ರೋಗವಿದೆ. ನೀರು ಹೀರುವ ಕಡೆಯ ಪೈಪಿನಲ್ಲಿ ಸಣ್ಣ ಬಿರುಕಿದ್ದರೆ ಮೋಟರು ಓಡುವಾಗ ಅಲ್ಲಿಂದ ನೀರು ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಹೊರಗೆ ಒಂದು ಹನಿಯೂ ಕಾಣದ್ದರಿಂದ ಮೋಟರಿನ ಮೇಲೆ ಅಪವಾದ ಬರುತ್ತದೆ. ಸ್ವಿಚ್ಚು ಹಾಕಿದರೆ ಗುಂಯ್ ಎಂದು ಮುಲುಗುವುದಷ್ಟೇ, ತಿರುಗುವುದಿಲ್ಲ ಎಂದಾದರೆ ತಕ್ಷಣ ಆಫ್ ಮಾಡಿ, ಕಂಡೆನ್ಸರ್ ನೋಡಿಸಿ. ಅದು ಸಣ್ಣ ಖರ್ಚು. ಆದರೆ ಮುಲುಗುತ್ತಿರಲಿ ಎಂದು ಐದು ನಿಮಿಷ ಬಿಟ್ಟರೆ ಕಾಯಿಲ್ಲೇ ಸುಟ್ಟುಹೋಗಬಹುದು. ಕರಕರ ಸದ್ದು ಬೇರಿಂಗಿನದು, ಶಾಫ್ಟಿನ ಬುಡದಲ್ಲಿ ತೊಟ್ಟಿಕ್ಕುವ ನೀರು ಸೀಲಿನದು. ಇವಕ್ಕೆಲ್ಲ ರಿಪೇರಿಯೇ ಸರಿ. ಸೀಲು ಮಾತ್ರ ತಡಮಾಡದೆ ಹಾಕಿಸಬೇಕು, ಆ ನೀರು ಬೇರಿಂಗಿಗೂ ಅಲ್ಲಿಂದ ಕಾಯಿಲಿಗೂ ದಾರಿ ಹುಡುಕಿಕೊಳ್ಳುತ್ತದೆ.

ಕಾಯಿಲ್ ಸುಟ್ಟಾಗಲೇ ನಿಜವಾದ ಪ್ರಶ್ನೆ ಏಳುವುದು. ಮತ್ತೆ ಕಟ್ಟಿಸುವುದೋ ಹೊಸದು ತರುವುದೋ? ಮೊದಲ ಸಲವಾದರೆ, ಮೋಟರು ತಾಮ್ರದ ಕಾಯಿಲಿನದಾಗಿದ್ದು ನೀರೆತ್ತುವ ಭಾಗ ಗಟ್ಟಿಯಾಗಿದ್ದರೆ, ಕೈ ಚೆನ್ನಾಗಿರುವ ಮೆಕ್ಯಾನಿಕ್ಕಿನ ಹತ್ತಿರ ಕಟ್ಟಿಸಬಹುದು. ಎರಡನೆಯ ಸಲಕ್ಕೆ ನಾನು ಬೇಡ ಎನ್ನುತ್ತೇನೆ. ಹಳೆಯ ತಂತಿ ತೆಗೆಯಲು ಕೆಲವು ಕಡೆ ಅದನ್ನು ಬೆಂಕಿಯಲ್ಲಿ ಸುಡುತ್ತಾರೆ. ಆ ಕಾವಿಗೆ ಒಳಗಿನ ಉಕ್ಕಿನ ತಗಡುಗಳ ನಡುವಿನ ತೆಳು ಲೇಪ ಹಾಳಾಗಿ, ಮೋಟರು ಮೊದಲಿಗಿಂತ ಬೇಗ ಬಿಸಿಯಾಗುತ್ತದೆ, ಬಿಸಿಯಾದದ್ದು ಮತ್ತೆ ಸುಡುತ್ತದೆ. ಕವಚವೂ ಇಂಪೆಲ್ಲರೂ ಸವೆದಿದ್ದರಂತೂ ಮೊದಲ ಸಲವೇ ಕೈಬಿಡುವುದು ಲೇಸು. ಹೊಸ ಕಾಯಿಲ್ ಹಾಕಿದರೂ ಸವೆದ ಪಂಪು ಎತ್ತುವ ನೀರು ಅಷ್ಟೇ.

ಮೋಟರು ಮುಟ್ಟಿದರೆ ಜುಮ್ಮೆನ್ನುತ್ತದೆಯೇ? ಇಲ್ಲಿ ಲೆಕ್ಕಾಚಾರ ಬೇಡ. ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್ನನ್ನು ಕರೆಯಿರಿ, ಮೋಟರಿನ ಜೊತೆ ಅರ್ಥಿಂಗನ್ನೂ ನೋಡಲು ಹೇಳಿ. ಅರ್ಥಿಂಗ್ ಇಲ್ಲದ ಪಾಯಿಂಟಿಗೆ ಹೊಸ ಮೋಟರು ಕೂರಿಸಿದರೆ ಅಪಾಯ ಹಾಗೆಯೇ ಉಳಿಯುತ್ತದೆ.

ಕರೆಂಟು ಬಿಲ್ಲು ಉಳಿಯುತ್ತದೆಂದು ಹೊಸದು ತಂದವರಿಗೆ ನಿರಾಸೆಯಾಗಬಹುದು. ಅರ್ಧ ಎಚ್‌ಪಿಯ ಮೋಟರು ಗಂಟೆಗೆ ಅರ್ಧ ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚು ತಿನ್ನುತ್ತದೆ, ಅಷ್ಟೇ. ದಿನಕ್ಕೆ ಅರ್ಧ ಗಂಟೆ ಉಳಿಸಿದರೂ ತಿಂಗಳಿಗೆ ಹತ್ತು ಯೂನಿಟ್ ದಾಟುವುದಿಲ್ಲ.

ಇನ್ನೊಂದು ಮಾತನ್ನು ಅಂಗಡಿಯವರು ಸಾಮಾನ್ಯವಾಗಿ ಹೇಳುವುದಿಲ್ಲ. ನಮ್ಮ ಮನೆಗಳ ಸಣ್ಣ ಮೋಟರುಗಳಿಗೆ ನೀರಿನ ದಾರಿ ಕಟ್ಟಿಕೊಂಡಷ್ಟೂ ಹೊರೆ ಹೆಚ್ಚುತ್ತದೆ. ಮೇಲೇರುವ ಹಳೆಯ ಜಿಐ ಪೈಪಿನೊಳಗೆ ತುಕ್ಕು ದಪ್ಪಗಟ್ಟಿದ್ದರೆ, ಅಥವಾ ವಾಲ್ವು ಅರ್ಧ ಮುಚ್ಚಿದ್ದರೆ, ಮೋಟರು ಬೀಗ ಹಾಕಿದ ಬಾಗಿಲನ್ನು ತಳ್ಳಿದಂತೆ ಏದುತ್ತಿರುತ್ತದೆ. ಒಂದೇ ಮನೆಯಲ್ಲಿ ಮೇಲಿಂದ ಮೇಲೆ ಮೋಟರು ಸುಡುತ್ತಿದ್ದರೆ ಕಂಪನಿ ಬದಲಿಸುವ ಮೊದಲು ಪೈಪು ಬಿಚ್ಚಿ ನೋಡಬೇಕು. ಅರ್ಧ ಎಚ್‌ಪಿ ಸಾಲುವಲ್ಲಿ ಇರಲಿ ಎಂದು ಒಂದು ಎಚ್‌ಪಿ ತರುವುದೂ ಬೇಡ. ಸಂಪಿನ ತಳದಿಂದ ಟ್ಯಾಂಕಿನ ಬಾಯಿಯವರೆಗಿನ ಎತ್ತರ ಅಳೆದು ಬರೆದುಕೊಂಡು ಹೋಗಿ. ಆ ಎತ್ತರದಲ್ಲಿ ಗಂಟೆಗೆ ಎಷ್ಟು ಲೀಟರ್ ಕೊಡುತ್ತದೆಂದು ಕೇಳಿ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ ಗರಿಷ್ಠ ಎತ್ತರ ಎಂದರೆ ಅಲ್ಲಿ ಹೆಚ್ಚುಕಡಿಮೆ ನೀರೇ ಬರುವುದಿಲ್ಲ ಎಂದು ಅರ್ಥ.

ಹಳೆಯ ಮೋಟರನ್ನು ಸುಮ್ಮನೆ ಬಿಟ್ಟು ಬರಬೇಡಿ. ಒಳಗಿನ ತಾಮ್ರಕ್ಕೆ, ಹಿತ್ತಾಳೆಯ ಇಂಪೆಲ್ಲರಿದ್ದರೆ ಅದಕ್ಕೂ, ಗುಜರಿಯಲ್ಲಿ ಬೆಲೆಯಿದೆ. ಹೊಸದರ ಬೆಲೆಯಲ್ಲಿ ಅಷ್ಟನ್ನು ಕಳೆಯಿರಿ ಎಂದು ಕೇಳಬಹುದು, ಕೇಳಿದರೆ ಕಳೆಯುತ್ತಾರೆ ಕೂಡ.