ರೋಗ ಹೋಯಿತು, ಕಾಯಿದೆ ಉಳಿಯಿತು

(ಚಿಕ್ಕೋಡಿಯಲ್ಲಿ ಕೂಡಿದ ಕಾರ್ಯಕರ್ತರ ಅಭ್ಯಾಸ ವರ್ಗದಲ್ಲಿ ಮಾಡಿದ ಭಾಷಣ)



ನಿಪ್ಪಾಣಿಯ ಬೀಡಿ ಕಾಮಗಾರ ಭಗಿನಿಯರು ಮುಂದೆ ಕುಳಿತಿದ್ದಾರೆ. ಅಥಣಿ, ರಾಯಬಾಗ, ಕಾಗವಾಡ ಕಡೆಯ ಕಬ್ಬು ಬೆಳೆಗಾರರು ಹಿಂದೆ ನಿಂತಿದ್ದಾರೆ. ನನಗೆ ಒಪ್ಪಿಸಿದ ವಿಷಯ, ಸಾಂಕ್ರಾಮಿಕ ರೋಗದ ಕಾಲದಲ್ಲಿ ಬಂದ ಕಾಯಿದೆಗಳು. ಆ ರೋಗದ ನೆನಪು ಯಾರಿಗೂ ಬೇಡವಾಗಿದೆ, ನಿಜ. ಆದರೆ 2020ರಲ್ಲಿ ನಾವು ಕದ ಹಾಕಿಕೊಂಡು ಒಳಗೆ ಕುಳಿತಾಗ ಸರಕಾರಗಳು ಸುಮ್ಮನೆ ಕುಳಿತಿರಲಿಲ್ಲ. ಅವು ಆಗ ಮಾಡಿದ ಕೆಲಸ ನಮ್ಮ ಹೊಲದ ಉತಾರಕ್ಕೂ ಕೂಲಿಯ ಪುಸ್ತಕಕ್ಕೂ ಬಂದು ತಟ್ಟಿದೆ. ಆದ್ದರಿಂದ ತಿಳಿದುಕೊಳ್ಳಲೇಬೇಕು.

ಸ್ವಲ್ಪ ಹಿಂದಕ್ಕೆ ಹೋಗೋಣ. 1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. 1897ರ ಜನವರಿ 28ರಂದು ಕಲಕತ್ತೆಯ ಶಾಸನ ಸಭೆಯಲ್ಲಿ ಒಂದು ಮಸೂದೆ ಮಂಡಿಸಿದರು. ಫೆಬ್ರುವರಿ 4ಕ್ಕೆ ಅದು ಕಾಯಿದೆಯಾಯಿತು. ಒಂದೇ ವಾರ! ಕಲಮುಗಳು ನಾಲ್ಕೇ. ಸರಕಾರ ತನಗೆ ಬೇಕೆನಿಸಿದ ತಾತ್ಪೂರ್ತಿಕ ನಿಯಮ ಮಾಡಬಹುದು, ಮೀರಿದವನಿಗೆ ಶಿಕ್ಷೆ. ಸದ್ಭಾವನೆಯಿಂದ ಮಾಡಿದ ಯಾವ ಕೆಲಸಕ್ಕೂ ಅಧಿಕಾರಿಯ ಮೇಲೆ ದಾವೆ ಹೂಡುವ ಹಾಗಿಲ್ಲ. ಚಿಕ್ಕೋಡಿ, ಅಥಣಿ ತಾಲೂಕುಗಳು ಮುಂಬಯಿ ಇಲಾಖೆಯಲ್ಲಿದ್ದವು, ಆದ್ದರಿಂದ ಈ ಕಾಯಿದೆ ನಮ್ಮ ಅಜ್ಜಂದಿರ ಮೇಲೂ ಬಂತು. ರಾಯಬಾಗ ಆಗ ಕೊಲ್ಲಾಪುರ ಸಂಸ್ಥಾನದಲ್ಲಿತ್ತು. ಮನೆ ಶೋಧ ಮಾಡುವುದು, ರೋಗಿಯನ್ನು ಎಳೆದೊಯ್ಯುವುದು, ಜಾತ್ರೆ ನಿಲ್ಲಿಸುವುದು, ರೈಲಿನಲ್ಲಿ ಬಂದವರನ್ನು ತಪಾಸುವುದು ಎಲ್ಲವೂ ಇದರ ಆಧಾರದ ಮೇಲೆ ನಡೆಯಿತು. ಪುಣೆಯಲ್ಲಿ ಪ್ಲೇಗು ಅಧಿಕಾರಿ ರ‍್ಯಾಂಡನ ಸೋಲ್ಜರರು ಅಡಿಗೆಮನೆ, ದೇವರಮನೆ ಎನ್ನದೆ ಹೊಕ್ಕರು. ಆತನ ಕೊಲೆಯಾಯಿತು, ಟಿಳಕರಿಗೆ ರಾಜದ್ರೋಹದ ಆರೋಪದ ಮೇಲೆ ಹದಿನೆಂಟು ತಿಂಗಳ ಶಿಕ್ಷೆಯಾಯಿತು. ಇದನ್ನು ನೀವು ಶಾಲೆಯಲ್ಲಿ ಓದಿದ್ದೀರಿ. ಆದರೆ ಪುಸ್ತಕದಲ್ಲಿ ಹೇಳದ ಮಾತೊಂದಿದೆ. ಪ್ಲೇಗು ಹೋಯಿತು, ಇಂಗ್ರಜರೂ ಹೋದರು, ಆ ನಾಲ್ಕು ಕಲಮುಗಳು ಹೋಗಲಿಲ್ಲ. 123 ವರ್ಷಗಳ ನಂತರ, 2020ರ ಮಾರ್ಚಿನಲ್ಲಿ ಕಲಬುರ್ಗಿಯ ವೃದ್ಧರೊಬ್ಬರು ಕೊರೋನಾದಿಂದ ತೀರಿಕೊಂಡ ಮಾರನೆಯ ದಿನವೇ ಕರ್ನಾಟಕ ಸರಕಾರ ತೆಗೆದ ನಿಯಮಗಳಿಗೂ ಆಧಾರ ಅದೇ ಕಾಯಿದೆ.

ನಾನು ಕಾಯಿದೆಯೇ ಬೇಡವೆಂದು ಹೇಳುತ್ತಿಲ್ಲ. ರೋಗ ಹಬ್ಬುವಾಗ ಸಂತೆ ನಿಲ್ಲಿಸಬೇಕಾಗುತ್ತದೆ, ಗಡಿಯಲ್ಲಿ ತಡೆಯಬೇಕಾಗುತ್ತದೆ. 2021ರಲ್ಲಿ ಕೊಗನೊಳ್ಳಿಯ ನಾಕೆಯಲ್ಲಿ ತಪಾಸಣೆಯ ಚೀಟಿ ಇಲ್ಲದವರನ್ನು ಹಿಂದಕ್ಕೆ ಕಳಿಸಿದರು. ದವಾಖಾನೆಗೆ ಮಿರಜೆಗೆ ಹೋಗುವ ಕಾಗವಾಡದವರಿಗೆ ಗಡಿಯೆಂಬುದು ನಕಾಶೆಯ ಗೆರೆಯಲ್ಲ, ಔಷಧದ ದಾರಿ. ಕಷ್ಟವಾಯಿತು, ಆದರೂ ಆ ಹುಕುಮು ರೋಗಕ್ಕೆ ಸಂಬಂಧಪಟ್ಟದ್ದು, ರೋಗ ಇಳಿದ ಮೇಲೆ ನಾಕೆಯೂ ಎದ್ದಿತು. ಅದೇ ರೀತಿ 2020ರ ಏಪ್ರಿಲ್ 22ರಂದು ಕೇಂದ್ರ ಸರಕಾರವೂ ನಮ್ಮ ರಾಜ್ಯ ಸರಕಾರವೂ ಸುಗ್ರೀವಾಜ್ಞೆ ಹೊರಡಿಸಿದವು. ವೈದ್ಯರು, ದಾದಿಯರು, ಆಶಾ ಕಾರ್ಯಕರ್ತೆಯರ ಮೇಲೆ ಕೈ ಮಾಡಿದವರಿಗೆ ಕೇಂದ್ರದ ಆಜ್ಞೆಯಲ್ಲಿ ಮೂರು ತಿಂಗಳಿಂದ ಐದು ವರ್ಷ, ತೀವ್ರ ಗಾಯವಾದರೆ ಏಳು ವರ್ಷದವರೆಗೆ ಸಜೆ. ಇದನ್ನು ನಾವು ಒಪ್ಪುತ್ತೇವೆ. ಒಂದು ಮಾತು ಮಾತ್ರ ಹೇಳಬೇಕು: ಆಶಾ ತಂಗಿಗೆ ಹೊಡೆದವನನ್ನು ಶಿಕ್ಷಿಸಲು ಸರಕಾರಕ್ಕೆ ಒಂದು ದಿನ ಸಾಕಾಯಿತು; ತಿಂಗಳಿಗೆ ಹನ್ನೆರಡು ಸಾವಿರ ರೂಪಾಯಿ ಗೌರವಧನ ಕೊಡಿರೆಂದು ಅದೇ ತಂಗಿ ಕೇಳಿದಾಗ, ಜುಲೈಯಲ್ಲಿ ಕೆಲಸ ಬಿಟ್ಟು ಕೂಡ್ರಬೇಕಾಯಿತು.

ಇನ್ನು ಎರಡನೆಯ ಜಾತಿಯ ಕಾಯಿದೆಗಳು. ಇವು ರೋಗದ ಕಾಲದಲ್ಲಿ ಬಂದವು, ಆದರೆ ಇವುಗಳಲ್ಲಿ ರೋಗದ ಹೆಸರೂ ಇಲ್ಲ.

2020ರ ಮೇ ತಿಂಗಳಲ್ಲಿ ಎಪಿಎಂಸಿ ತಿದ್ದುಪಡಿ ಬಂತು, ಜುಲೈ 13ರಂದು ಭೂಸುಧಾರಣೆಯ ತಿದ್ದುಪಡಿ. ಎರಡೂ ಸುಗ್ರೀವಾಜ್ಞೆಗಳೇ. ಸಭೆ ಕೂಡದಿರುವಾಗ ತಡೆಯಲಾಗದಂಥ ಜರೂರಿ ಬಿದ್ದರೆ ಮಾತ್ರ ಸುಗ್ರೀವಾಜ್ಞೆ, ಸಭೆ ಕೂಡಿದ ಆರು ವಾರಗಳಲ್ಲಿ ಅದರ ಆಯುಷ್ಯ ತೀರುತ್ತದೆಂದು ಸಂವಿಧಾನ ಹೇಳುತ್ತದೆ. ಹಾಗಾದರೆ ಆಗಿನ ಜರೂರಿ ಏನು? ಬೇಸಾಯಗಾರನಲ್ಲದವನು ಕೃಷಿಭೂಮಿ ಕೊಳ್ಳಬಾರದು, ಬೇರೆ ಆದಾಯ ಇಷ್ಟಕ್ಕಿಂತ ಹೆಚ್ಚಿರುವವನು ಕೊಳ್ಳಬಾರದು ಎಂಬ 79ಎ, 79ಬಿ ಕಲಮುಗಳು ದೇವರಾಜ ಅರಸರ ಕಾಲದ ತಿದ್ದುಪಡಿಯಲ್ಲಿ ಬಂದವು. ಅವನ್ನು ಕಿತ್ತು ಹಾಕಿದರು. ಅದೂ ಹೇಗೆ? 1974ರ ಮಾರ್ಚ್ 1ರಿಂದಲೇ ಅವು ಇರಲಿಲ್ಲವೆಂದು ತಿಳಿಯತಕ್ಕದ್ದು! ಕೊರೋನಾ ಬಂದದ್ದು 2020ರಲ್ಲಿ, ಮದ್ದು ಕೊಟ್ಟದ್ದು 1974ಕ್ಕೆ. ಆ ಕಲಮುಗಳ ಕೆಳಗೆ ನಡೆಯುತ್ತಿದ್ದ ಖಟ್ಲೆಗಳೆಲ್ಲ ಅಲ್ಲಿಗೇ ಮುಗಿದವು. ಯಾವ ರೋಗಿಗೆ ಇದರಿಂದ ಒಂದು ಗುಳಿಗೆ ಸಿಕ್ಕಿತು?

ಎಪಿಎಂಸಿಯ ಹೊರಗೆ ಖಾಸಗಿಯವನಿಗೆ ಮಾರಲು ರೈತನಿಗೆ ಸ್ವಾತಂತ್ರ್ಯ ಸಿಕ್ಕಿತೆಂದು ಬಹಳ ಪ್ರಚಾರ ಮಾಡಿದರು. ಈ ಸ್ವಾತಂತ್ರ್ಯದ ರುಚಿಯನ್ನು ಚಿಕ್ಕೋಡಿ, ಅಥಣಿ ಭಾಗದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಬ್ಬು ಎಂದೂ ಪೇಟೆಯ ಕಟ್ಟೆಗೆ ಬಂದುದಲ್ಲ. ಹೊಲದಿಂದ ನೆಟ್ಟಗೆ ಕಾರ್ಖಾನೆಗೆ. ಕಬ್ಬು ಪೂರೈಸಿದ ಹದಿನಾಲ್ಕು ದಿನಗಳಲ್ಲಿ ಹಣ ಕೊಡಬೇಕೆಂದು 1966ರ ಆಜ್ಞೆ ಇದೆ. ಕಾಯಿದೆ ಇದ್ದಾಗಲೇ ಬಾಕಿಗಾಗಿ ಕಾರ್ಖಾನೆಯ ಬಾಗಿಲಲ್ಲಿ ಎಷ್ಟು ಸಲ ಕುಳಿತಿದ್ದೀರಿ? ಕಾಯಿದೆಯ ಹಿಡಿತವೇ ಇಲ್ಲದ ಕಡೆ ಒಂದೆಕರೆಯ ರೈತನೂ ದೊಡ್ಡ ಕಂಪನಿಯೂ ಸರಿಸಮಾನರಾಗಿ ಚೌಕಾಶಿ ಮಾಡುವರೆಂದರೆ ನಗು ಬರುತ್ತದೆ.

ಕಾರ್ಮಿಕರ ವಿಷಯಕ್ಕೆ ಬರೋಣ. 2020ರ ಮೇ 22ರಂದು ನಮ್ಮ ರಾಜ್ಯದಲ್ಲಿ ಕಾರ್ಖಾನೆಯ ಕೆಲಸದ ಮಿತಿಯನ್ನು ದಿನಕ್ಕೆ ಹತ್ತು ತಾಸು, ವಾರಕ್ಕೆ ಅರವತ್ತು ತಾಸಿಗೆ ಏರಿಸಿದರು. ಪ್ರಕರಣ ಹೈಕೋರ್ಟಿಗೆ ಹೋಯಿತು, ಜೂನ್ 11ಕ್ಕೆ ಹಿಂದೆಗೆದುಕೊಂಡರು. ಗುಜರಾತಿನ ಇಂಥದೇ ಆದೇಶವನ್ನು ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟು ರದ್ದು ಮಾಡಿತು. ಕಾರ್ಖಾನೆ ಕಾಯಿದೆಯಲ್ಲಿ ‘ಸಾರ್ವಜನಿಕ ತುರ್ತು’ ಎಂದರೆ ಯುದ್ಧ, ಹೊರಗಿನ ಆಕ್ರಮಣ, ಒಳಗಿನ ಕ್ಷೋಭೆಯಿಂದ ದೇಶದ ಭದ್ರತೆಗೆ ಬರುವ ಅಪಾಯ. ರೋಗದ ಹೆಸರಿನಲ್ಲಿ ಕೂಲಿಕಾರನ ಹಕ್ಕು ಕಸಿಯಲಾಗದೆಂಬುದು ಆ ತೀರ್ಪಿನ ತಾತ್ಪರ್ಯ.

ಇನ್ನೊಂದು ಸಂಗತಿಯನ್ನು ಎರಡು ಸಲ ಕೇಳಿರಿ, ಬಹಳ ಮಂದಿಗೆ ಇದು ಗೊತ್ತೇ ಇಲ್ಲ. ನೂರು ಕಾರ್ಮಿಕರಿದ್ದ, ಹಂಗಾಮಿಯಲ್ಲದ ಕಾರ್ಖಾನೆ ಜನರನ್ನು ಕೆಲಸದಿಂದ ತೆಗೆಯಬೇಕಾದರೆ ಸರಕಾರದ ಅಪ್ಪಣೆ ಬೇಕಿತ್ತು. ಆ ನೂರನ್ನು ಮುನ್ನೂರಕ್ಕೆ ಏರಿಸುವ ರಾಜ್ಯದ ಮಸೂದೆಯನ್ನು ಸೆಪ್ಟೆಂಬರ್ 26ರಂದು ನಮ್ಮ ವಿಧಾನ ಪರಿಷತ್ತು ತಿರಸ್ಕರಿಸಿತು. ನಾವು ಚಪ್ಪಾಳೆ ಹೊಡೆದೆವು. ಆದರೆ ಮೂರು ದಿನ ಮೊದಲೇ, ಸೆಪ್ಟೆಂಬರ್ 23ರಂದು, ಅದೇ ಮುನ್ನೂರರ ಲೆಕ್ಕದ ಕಾರ್ಮಿಕ ಸಂಹಿತೆಯನ್ನು ರಾಜ್ಯಸಭೆ ಅಂಗೀಕರಿಸಿಬಿಟ್ಟಿತ್ತು! ವಿರೋಧ ಪಕ್ಷಗಳು ಬಹಿಷ್ಕಾರ ಹಾಕಿ ಹೊರಗಿದ್ದವು, ಪ್ರಶ್ನೋತ್ತರದ ವೇಳೆಯೇ ಆ ಅಧಿವೇಶನದಲ್ಲಿ ಇರಲಿಲ್ಲ. ಅಂದು ಅಂಗೀಕಾರವಾದ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಮುಂಬಾಗಿಲಿಗೆ ನಾವು ಅಡ್ಡ ನಿಂತಾಗ ಹಿತ್ತಲ ಬಾಗಿಲು ತೆರೆದಿತ್ತು.

ನಿಪ್ಪಾಣಿಯ ಭಗಿನಿಯರೇ, ಆ ಗಂಟಿನೊಳಗೆ ನಿಮ್ಮ ಕಾಯಿದೆಯೂ ಹೋಯಿತು. 1966ರ ಬೀಡಿ-ಸಿಗಾರ್ ಕಾರ್ಮಿಕರ ಕಾಯಿದೆಯನ್ನು ಸುರಕ್ಷತೆಯ ಸಂಹಿತೆಯಲ್ಲಿ ಸೇರಿಸಿದ್ದಾರೆ. ಎಲೆ, ತಂಬಾಕು ಕಡಿಮೆ ಕೊಟ್ಟರೆ, ಕಟ್ಟಿದ ಬೀಡಿ ಕೆಟ್ಟಿದೆಯೆಂದು ತೆಗೆದು ಹಾಕಿದರೆ, ಅದರ ಮಜೂರಿ ಹಿಡಿದರೆ, ಆ ತಂಟೆ ತೀರಿಸಲು ಹಳೆಯ ಕಾಯಿದೆಯ 39ನೆಯ ಕಲಮಿನಲ್ಲಿ ಒಬ್ಬ ಅಧಿಕಾರಿಯ ಏರ್ಪಾಡು ಇತ್ತು. ಹೊಸ ಸಂಹಿತೆಯಲ್ಲಿ ಆ ಏರ್ಪಾಡು ಎಲ್ಲಿದೆ, ಬೆರಳಿಟ್ಟು ತೋರಿಸಿರಿ ಎಂದು ನಾವು ಕೇಳಬೇಕು. ಮನೆಯಲ್ಲಿ ಕುಳಿತು ಬೀಡಿ ಕಟ್ಟುವ ಹೆಂಗಸಿಗೆ ಕಾರ್ಖಾನೆಯ ಗೋಡೆಯಿಲ್ಲ, ಹಾಜರಿ ಗಂಟೆಯಿಲ್ಲ. ಅವಳಿಗಾಗಿಯೇ ಬರೆದ ಕಲಮು ಎಲ್ಲರಿಗೂ ಸೇರಿದ ದಪ್ಪ ಪುಸ್ತಕದಲ್ಲಿ ಕರಗಿ ಹೋಗಬಾರದು.

1981ರಲ್ಲಿ ಶರದ್ ಜೋಶಿಯವರ ನೇತೃತ್ವದಲ್ಲಿ ತಂಬಾಕು ಬೆಳೆಗಾರರು ಇದೇ ನಿಪ್ಪಾಣಿಯ ಹೆದ್ದಾರಿಯ ಮೇಲೆ ಬೀಡು ಬಿಟ್ಟಿದ್ದರು. 2020ರಲ್ಲಿ ಹಾಗೆ ಹತ್ತು ಮಂದಿ ಕೂಡಿ ನಿಂತರೂ ಗುನ್ಹೆಯಾಗುತ್ತಿತ್ತು. ಜನ ಕೂಡುವುದು ಅಪರಾಧವಾದ ಕಾಲವನ್ನೇ ಇಂಥ ಕಾಯಿದೆಗಳಿಗೆ ಆರಿಸಿಕೊಂಡರು ಎಂಬುದೇ ನನ್ನ ಮುಖ್ಯ ತಕರಾರು. ಒಳ್ಳೆಯ ಕಾಯಿದೆಯಾಗಿದ್ದರೆ ಆರು ತಿಂಗಳು ಕಾಯ್ದು, ಜನರ ಎದುರಿಗೆ ತರಬಹುದಿತ್ತು. 2020ರ ಜೂನ್ 5ರಂದು ಸುಗ್ರೀವಾಜ್ಞೆಯಾಗಿ ಬಂದ ಕೇಂದ್ರದ ಮೂರು ಕೃಷಿ ಕಾಯಿದೆಗಳ ಗತಿ ನೋಡಿರಿ. ರೈತರು ದಿಲ್ಲಿಯ ಗಡಿಯಲ್ಲಿ ವರ್ಷವಿಡೀ ಕುಳಿತರು, 2021ರ ನವೆಂಬರಿನಲ್ಲಿ ಪಾರ್ಲಿಮೆಂಟು ತಾನೇ ಅವನ್ನು ರದ್ದು ಮಾಡಿತು. ಕಾರ್ಮಿಕ ಸಂಹಿತೆಗಳಿಗೆ ಅಂಥ ಪ್ರತಿರೋಧ ಸಿಗಲಿಲ್ಲ, ಅವು ಉಳಿದವು.

ಮುಂದೆ ಮತ್ತೊಂದು ರೋಗ ಬಂದೀತು. ಆಗ ಹೊಸ ಕಾಯಿದೆ ಬಂದರೆ ಮೊದಲು ಕೇಳಬೇಕಾದದ್ದು ಅದರಲ್ಲಿ ರೋಗದ ಮಾತು ಇದೆಯೇ ಎಂದು. ಇದ್ದರೆ, ಅದು ಮುಗಿಯುವ ತಾರೀಖು ಯಾವುದು, ಅದನ್ನು ನಡೆಸುವ ಅಧಿಕಾರಿ ತಪ್ಪಿದರೆ ಯಾರ ಮುಂದೆ ಉತ್ತರ ಕೊಡಬೇಕು? 1897ರ ಕಾಯಿದೆಯಲ್ಲಿ ಈ ಎರಡೂ ಇರಲಿಲ್ಲ.

ಈಗ ಕೆಲಸದ ಮಾತು. ಬೀಡಿ ಭಗಿನಿಯರು ಇವತ್ತಿನಿಂದ ಒಂದು ನೋಟು ಪುಸ್ತಕ ಇಡಬೇಕು. ಎಷ್ಟು ಬೀಡಿ ಒಯ್ದಿರಿ, ಎಷ್ಟು ಕೆಟ್ಟಿತೆಂದು ತೆಗೆದರು, ಎಷ್ಟಕ್ಕೆ ದುಡ್ಡು ಕೊಟ್ಟರು ಎಂದು ಮೂರು ಗೆರೆ ಹಾಕಿ ದಿನವೂ ಬರೆಯಿರಿ. ಬರೆಯಲು ಬಾರದವರು ಶಾಲೆಗೆ ಹೋಗುವ ಮಗಳ ಕೈಯಿಂದ ಬರೆಸಿರಿ. ಕಬ್ಬಿನವರು ತೂಕದ ಚೀಟಿ, ಹಣ ಜಮೆಯಾದ ತಾರೀಖು ಎರಡನ್ನೂ ಒಂದೇ ಹಾಳೆಗೆ ಅಂಟಿಸಿಡಿರಿ. ಮುಂದಿನ ವರ್ಗಕ್ಕೆ ಬರುವಾಗ ಅವನ್ನು ತನ್ನಿರಿ. ಅವುಗಳ ಮೇಲಿಂದಲೇ ಕಾರ್ಮಿಕ ಇಲಾಖೆಗೂ ತಹಶೀಲ್ದಾರರಿಗೂ ಅರ್ಜಿ ಬರೆಯೋಣ.